ಇಸಬಗೋಲು ಪಾಸು, ಬೂಸಾ ನಪಾಸು

ಮೆಡಿಕಲ್ ಶಾಪುಗಳ ಕಪಾಟಿನಲ್ಲಿ ಈಗ ನಾರಿನದೇ ಒಂದು ಸಾಲು: ಇಸಬಗೋಲು, ಗೋಧಿ ಹೊಟ್ಟು, ಇನುಲಿನ್ ಬೆರೆಸಿದ ಪುಡಿ, ಅಗಿಯುವ ಗಮ್ಮಿ. ಎಲ್ಲ ಡಬ್ಬಿಗಳ ಮೇಲೂ ದಪ್ಪಕ್ಷರದಲ್ಲಿ 'ಫೈಬರ್'. ಹೊಟ್ಟೆ ನುಲಿತ, ಉಬ್ಬರ, ಒಂದು ವಾರ ಮಲಬದ್ಧತೆ, ಮರುವಾರ ಭೇದಿ ಎಂದು ವರ್ಷಗಟ್ಟಲೆ ನರಳುವ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ರೋಗಿಯನ್ನು ದಾರಿ ತಪ್ಪಿಸುವುದು ಈ ಒಂದು ಪದವೇ.

ನಾರೆಲ್ಲ ಒಂದೇ ಅಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಇಸಬಗೋಲು ಹಾಕಿ ಐದು ನಿಮಿಷ ಬಿಟ್ಟು ನೋಡಿ. ಕಾಮಕಸ್ತೂರಿ ಬೀಜದಂತೆ ಉಬ್ಬಿ, ಚಮಚ ಎತ್ತಿದರೆ ಲೋಳೆಯಾಗಿ ಜೋತುಬೀಳುತ್ತದೆ. ಕರುಳಿನಲ್ಲೂ ಅದರ ಕೆಲಸ ಇದೇ. ಗಟ್ಟಿ ಮಲಕ್ಕೆ ನೀರು ಹಿಡಿದುಕೊಡುತ್ತದೆ, ತೆಳುವಾದದ್ದಕ್ಕೆ ಹದ ತರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಸುಲಭವಾಗಿ ಹುಳಿಸಲಾರವು, ಆದ್ದರಿಂದ ಗ್ಯಾಸು ಕಡಿಮೆ. ಇನುಲಿನ್ ಕೂಡ ನೀರಿನಲ್ಲಿ ಕರಗುತ್ತದೆ. ಆದರೆ ಬೇಗ ಹುಳಿದು ಹೊಟ್ಟೆಯನ್ನು ನಗಾರಿ ಮಾಡುತ್ತದೆ. ಗೋಧಿ ಹೊಟ್ಟು, ಅಂದರೆ ನಮ್ಮ ದನಗಳ ಬೂಸಾ, ಬಹುಪಾಲು ಕರಗುವುದೇ ಇಲ್ಲ.

ಆದರೂ ಬಹುಕಾಲ ವೈದ್ಯರು ಬರೆದುಕೊಟ್ಟದ್ದು ಹೊಟ್ಟನ್ನೇ. 1970ರ ದಶಕದಲ್ಲಿ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ನಾರಿನ ಮಹಿಮೆ ಸಾರಿದ ಮೇಲೆ ಅದಕ್ಕೆ ಇನ್ನಷ್ಟು ಬೆಲೆ ಬಂತು. 1994ರಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಫ್ರಾನ್ಸಿಸ್ ಮತ್ತು ವೋರ್ವೆಲ್ ಐಬಿಎಸ್ ರೋಗಿಗಳನ್ನೇ ಕೇಳಿದರು. ಹೊಟ್ಟಿನಿಂದ ತೊಂದರೆ ಹೆಚ್ಚಾಯಿತು ಎಂದವರು ಶೇ. 55, ಗುಣ ಕಂಡವರು ಬರೀ ಶೇ. 10!

2009ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗ ಇನ್ನೂ ಕಟ್ಟುನಿಟ್ಟಿನದು. 275 ರೋಗಿಗಳು, 12 ವಾರ; ಕೆಲವರಿಗೆ ದಿನಕ್ಕೆ 10 ಗ್ರಾಂ ಇಸಬಗೋಲು, ಕೆಲವರಿಗೆ ಅಷ್ಟೇ ಹೊಟ್ಟು, ಉಳಿದವರಿಗೆ ಹೋಲಿಕೆಗೆಂದು ಬರೀ ಅಕ್ಕಿ ಹಿಟ್ಟು. ಮೊದಲ ತಿಂಗಳಲ್ಲಿ ಇಸಬಗೋಲಿನಿಂದ ಉಪಶಮನ ಕಂಡವರು ಶೇ. 57, ಅಕ್ಕಿ ಹಿಟ್ಟಿನವರಲ್ಲಿ ಶೇ. 35. ಹೊಟ್ಟು ತಿಂದವರಲ್ಲಿ ಹಲವರು ಹೊಟ್ಟೆ ಕೆಟ್ಟಿತೆಂದು ನಡುವೆಯೇ ಬಿಟ್ಟರು. ಹಾಗೆಂದು ಇಸಬಗೋಲನ್ನು ಹೊತ್ತು ಮೆರೆಸಬೇಕಿಲ್ಲ. ಬರೀ ಅಕ್ಕಿ ಹಿಟ್ಟಿಗೇ ಮೂವರಲ್ಲಿ ಒಬ್ಬರು ಸುಧಾರಿಸಿದ್ದಾರೆ. ಜೀವನದ ಗುಣಮಟ್ಟದ ಲೆಕ್ಕದಲ್ಲಂತೂ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪಾಸು ಹೌದು, ರ‍್ಯಾಂಕ್ ಅಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘವೂ 2021ರಲ್ಲಿ ಕರಗುವ ನಾರಿಗಷ್ಟೇ ಶಿಫಾರಸು ಕೊಟ್ಟಿತು.

ತಮಾಷೆಯೆಂದರೆ, ಪರದೇಶಗಳಲ್ಲಿ ಬಣ್ಣದ ಡಬ್ಬಿ ಹೊಕ್ಕು ಕಿತ್ತಳೆ ರುಚಿ ಹೊತ್ತು ಮಾರಾಟವಾಗುವ ಇಸಬಗೋಲಿನ ತವರು ಗುಜರಾತ್, ರಾಜಸ್ಥಾನದ ಹೊಲಗಳು. ಗುಜರಾತಿನ ಉಂಝಾ ಅದರ ದೊಡ್ಡ ಮಾರುಕಟ್ಟೆ. ಹೆಸರು ಪಾರ್ಸಿಯದು: ಬೀಜದ ಆಕಾರ ಕಂಡು 'ಕುದುರೆ ಕಿವಿ' ಎಂದರಂತೆ.

ಬಳಸುವುದರಲ್ಲಿ ಆತುರ ಬೇಡ. ಒಂದು ಚಮಚದಿಂದ ಶುರುಮಾಡಿ ಕೆಲವು ವಾರಗಳಲ್ಲಿ ನಿಧಾನವಾಗಿ ಏರಿಸಬೇಕು. ಒಣಪುಡಿ ಬಾಯಿಗೆ ಸುರಿದುಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ತುಂಬಿದ ಲೋಟ ನೀರು ಬೇಕೇ ಬೇಕು. ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಇಸಬಗೋಲಿನ ಪೊಟ್ಟಣ ಕೊಳ್ಳುವ ಮೊದಲು ವೈದ್ಯರನ್ನು ಕಾಣಿ.