ಚಿಕ್ಕವರ ತಂಡ ಎಷ್ಟು ಪಂದ್ಯ ಆಡಿತು?

ಮುಂಬಯಿಯ ಶಾಲೆಗಳಲ್ಲಿ ಹಾಕಿ ಮಳೆಯ ಜೊತೆಗೇ ಶುರುವಾಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ತಂಡದ ಆಯ್ಕೆ, ಮಳೆಗಾಲ ಮುಗಿಯುವ ಮೊದಲೇ ಮುಂಬೈ ಶಾಲಾ ಕ್ರೀಡಾ ಸಂಸ್ಥೆಯ ಪಂದ್ಯಗಳು, ಅದರ ಬೆನ್ನಿಗೇ ಜಿಲ್ಲಾ ಕ್ರೀಡಾಧಿಕಾರಿ ಕಚೇರಿಯ ಪಂದ್ಯಗಳು. ಈ ಎರಡನೆಯದನ್ನು ಪಿಟಿ ಮೇಷ್ಟ್ರುಗಳು ‘ಡಿಎಸ್‌ಒ’ ಎಂದಷ್ಟೇ ಕರೆಯುತ್ತಾರೆ. ಅಲ್ಲಿ ಗೆದ್ದ ಶಾಲೆಗೆ ವಿಭಾಗ, ರಾಜ್ಯ, ಅದೃಷ್ಟವಿದ್ದರೆ ದೆಹಲಿಯ ನೆಹರು ಹಾಕಿ. ಸೋತವರಿಗೆ ದೀಪಾವಳಿ ರಜೆಗೆ ಮೊದಲೇ ಎಲ್ಲವೂ ಮುಗಿದಿರುತ್ತದೆ. ಡಿಸೆಂಬರ್‌ನ ವಾರ್ಷಿಕೋತ್ಸವದ ವರದಿಯಲ್ಲಿ ಇಷ್ಟನ್ನೂ ಒಂದು ಸಾಲಿಗೆ ಇಳಿಸುತ್ತಾರೆ: ಹಿರಿಯ ಹುಡುಗರ ತಂಡ ಎಲ್ಲಿಯವರೆಗೆ ಹೋಯಿತು, ಕಪ್ ಬಂತೇ ಇಲ್ಲವೇ. ಈ ಲೆಕ್ಕವೇ ತಲೆಕೆಳಗು ಎನ್ನುವುದು ನನ್ನ ವಾದ. ಶಾಲೆಯ ಹಾಕಿ ಋತುವನ್ನು ಮೇಲಿನ ತಂಡದಿಂದ ಅಳೆದರೆ ಆ ವರ್ಷದ ಅದೃಷ್ಟ ಗೊತ್ತಾಗಬಹುದು. ಶಾಲೆಯಲ್ಲಿ ಹಾಕಿ ಉಳಿದಿದೆಯೋ ಇಲ್ಲವೋ ಎಂಬುದು ತಿಳಿಯಬೇಕಾದರೆ ಎಲ್ಲಕ್ಕಿಂತ ಚಿಕ್ಕವರ ತಂಡ ಎಷ್ಟು ಪಂದ್ಯ ಆಡಿತು ಎಂದು ಕೇಳಬೇಕು.

ಮೊದಲು ಒಂದು ಸರಳ ಗಣಿತ ನೋಡೋಣ. ಡಿಎಸ್‌ಒ ಪಂದ್ಯಾವಳಿ ಸಾಮಾನ್ಯವಾಗಿ ನಾಕೌಟ್. ಹದಿನಾರು ಶಾಲೆಗಳು ಬಂದರೆ ಒಟ್ಟು ಪಂದ್ಯ 15. ಮೊದಲ ಸುತ್ತಿಗೇ ಎಂಟು ಶಾಲೆಗಳು ಮನೆಗೆ, ಎರಡನೆಯದಕ್ಕೆ ಇನ್ನೂ ನಾಲ್ಕು. ಅಂದರೆ ಹದಿನಾರರಲ್ಲಿ ಹನ್ನೆರಡು ತಂಡಗಳಿಗೆ ಇಡೀ ಋತು ಎಂದರೆ ಒಂದೋ ಎರಡೋ ಪಂದ್ಯ. ಶಾಲಾ ಪಂದ್ಯ ಒಂದು ಗಂಟೆಯೊಳಗೆ ಮುಗಿಯುವಂಥದ್ದು. ಎರಡು ತಿಂಗಳು ಬೆಳಿಗ್ಗೆ ಆರಕ್ಕೆ ಎದ್ದು ಓಡಿದ ಹುಡುಗನಿಗೆ ಆಟ ಒಂದು ಗಂಟೆ, ಅದರಲ್ಲೂ ಅವನು ಬದಲಿ ಆಟಗಾರನಾದರೆ ಕಾಲುಗಂಟೆ. ಹಾಕಿಯಲ್ಲಿ ಒಮ್ಮೆ ಹೊರಬಂದವನು ಮತ್ತೆ ಒಳಹೋಗಬಹುದು, ಎಷ್ಟು ಸಲ ಬೇಕಾದರೂ. ಫುಟ್‌ಬಾಲಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ತಂಡದ ಹದಿನಾರು ಮಂದಿಯನ್ನೂ ಆಡಿಸಲೆಂದೇ ಇರುವಂತಹ ಈ ನಿಯಮ ಕೈಯಲ್ಲಿದ್ದರೂ, ಸೋತರೆ ಎಲ್ಲ ಮುಗಿಯಿತು ಎಂಬ ಭಯಕ್ಕೆ ಮೇಷ್ಟ್ರು ಅದೇ ಹನ್ನೊಂದು ಮಂದಿಯನ್ನು ಕೊನೆಯವರೆಗೂ ದುಡಿಸುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಪಂದ್ಯಾವಳಿಯ ಕಟ್ಟೋಣವೇ ಹಾಗಿದೆ. ಅದೇ ಹದಿನಾರು ಶಾಲೆಗಳನ್ನು ನಾಲ್ಕು ಗುಂಪು ಮಾಡಿ ಲೀಗ್ ಆಡಿಸಿದರೆ ಗುಂಪಿನ ಪಂದ್ಯಗಳು 24, ಸೆಮಿಫೈನಲ್ ಮತ್ತು ಫೈನಲ್ ಸೇರಿ 27. ಎಲ್ಲರಿಗಿಂತ ದುರ್ಬಲ ಶಾಲೆಗೂ ಮೂರು ಪಂದ್ಯ ಖಾತ್ರಿ. ಮೈದಾನಕ್ಕೆ ಅಷ್ಟು ಹೊತ್ತು ಎಲ್ಲಿಂದ ತರುವುದು ಎಂದು ಅಧಿಕಾರಿಗಳು ಕೇಳುತ್ತಾರೆ. ಹದಿನಾಲ್ಕು ವರ್ಷದೊಳಗಿನವರ ಪಂದ್ಯವನ್ನು ಅರ್ಧ ಗಂಟೆಗೆ ಇಳಿಸಿ. 27 ಪಂದ್ಯ ಹದಿಮೂರೂವರೆ ಗಂಟೆಯಲ್ಲಿ ಮುಗಿಯುತ್ತದೆ, ಗಂಟೆಗೊಂದರಂತೆ ನಡೆಯುವ ನಾಕೌಟಿನ ಹದಿನೈದು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ. ಹುಡುಗರಿಗೆ ಬೇಕಾದದ್ದು ಉದ್ದ ಪಂದ್ಯವಲ್ಲ, ಹೆಚ್ಚು ಪಂದ್ಯ.

ಕೆಳಗಿನ ತಂಡಗಳು ಯಾಕೆ ಬೇಕು ಎಂಬುದಕ್ಕೆ ಗೋಲ್‌ಕೀಪರನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮುಂಚೂಣಿ ಆಟಗಾರನೊಬ್ಬ ವೇಗದ ಬಲದಿಂದ ಒಂದೇ ವರ್ಷದಲ್ಲಿ ಮೆರೆಯಬಹುದು. ಕೀಪರ್ ಹಾಗೆ ತಯಾರಾಗುವುದಿಲ್ಲ. ಮೈಮೇಲೆ ಹೆಲ್ಮೆಟ್ಟು, ಎದೆಗವಚ, ಕಾಲಿಗೆ ಪ್ಯಾಡು, ಕಿಕ್ಕರು; ಇಷ್ಟು ಹೊತ್ತು ಹಗುರಾಗಿ ಕದಲುವುದನ್ನು ಕಲಿಯಲು ಒಂದು ವರ್ಷ ಸಾಲದು. ಪೆನಾಲ್ಟಿ ಕಾರ್ನರಿನಲ್ಲಿ ಗೆರೆಯ ಮೇಲೆ ನಿಲ್ಲಬೇಕೋ ನುಗ್ಗಬೇಕೋ, ಒಂಟಿಯಾಗಿ ಬರುವವನ ಕೋನವನ್ನು ಎಲ್ಲಿ ಮುಚ್ಚಬೇಕು, ಇವು ಗೋಲು ತಿಂದು ತಿಂದೇ ಬರುವ ವಿದ್ಯೆ. ಹತ್ತನೆಯ ತರಗತಿಯ ಕೀಪರ್ ಶಾಲೆ ಬಿಟ್ಟ ದಿನ ಅವನ ಹಿಂದೆ ಹದಿನಾಲ್ಕರ ತಂಡದಲ್ಲೊಬ್ಬ, ಹನ್ನೆರಡರಲ್ಲೊಬ್ಬ ಇಲ್ಲದ ಶಾಲೆ ಮರುವರ್ಷ ಎತ್ತರದ ಹುಡುಗನೊಬ್ಬನಿಗೆ ಪ್ಯಾಡು ಕಟ್ಟಿ ನಿಲ್ಲಿಸುತ್ತದೆ. ಅದರ ಫಲವನ್ನು ಮೊದಲ ಸುತ್ತಿನಲ್ಲೇ ಕಾಣಬಹುದು. ಈ ನಗರಕ್ಕೆ ಕೀಪರ್‌ಗಳ ದೊಡ್ಡ ಪರಂಪರೆಯಿದೆ. 1948ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ವೆಂಬ್ಲಿಯಲ್ಲಿ ಬ್ರಿಟನ್ನನ್ನು 4–0ಯಿಂದ ಸೋಲಿಸಿದ ತಂಡದ ಗೋಲು ಕಾದ ಲಿಯೋ ಪಿಂಟೊ ಮುಂಬಯಿಯ ಪರ ಆಡುತ್ತಿದ್ದವರು. 2000ದ ಸಿಡ್ನಿಯಲ್ಲಿ ಜೂಡ್ ಮೆನೆಜಿಸ್, 2004ರ ಅಥೆನ್ಸ್‌ನಲ್ಲಿ ಏಡ್ರಿಯನ್ ಡಿಸೋಜಾ ಕೂಡ ಇದೇ ನಗರದವರು. ಇಂಥವರ ಸಾಲು ತಾನಾಗಿ ಬೆಳೆಯುವುದಿಲ್ಲ. ಎಂಟು ಗೋಲು ತಿಂದ ಪುಟ್ಟ ಹುಡುಗನನ್ನು ಮುಂದಿನ ವಾರವೂ ಅದೇ ಜಾಗದಲ್ಲಿ ನಿಲ್ಲಿಸುವ ಪಂದ್ಯವೊಂದು ಇದ್ದರೆ ಮಾತ್ರ ಬೆಳೆಯುತ್ತದೆ. ನಾಕೌಟಿನಲ್ಲಿ ಆ ಮುಂದಿನ ವಾರವೇ ಇರುವುದಿಲ್ಲ.

ಮುಂಬಯಿಗೆ ಇದು ತಿಳಿಯದ್ದೇನಲ್ಲ. ಕ್ರಿಕೆಟ್ಟಿನಲ್ಲಿ ಅದೇ ಶಾಲಾ ಕ್ರೀಡಾ ಸಂಸ್ಥೆ ಹದಿನಾರರೊಳಗಿನವರಿಗೆ ಹ್ಯಾರಿಸ್ ಶೀಲ್ಡ್, ಹದಿನಾಲ್ಕರೊಳಗಿನವರಿಗೆ ಗೈಲ್ಸ್ ಶೀಲ್ಡ್ ನಡೆಸುತ್ತ ಬಂದಿದೆ. 1988ರ ಫೆಬ್ರುವರಿಯಲ್ಲಿ ಶಾರದಾಶ್ರಮದ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಆಜಾದ್ ಮೈದಾನದಲ್ಲಿ ಸೇಂಟ್ ಝೇವಿಯರ್ಸ್ ಶಾಲೆಯ ವಿರುದ್ಧ 664 ರನ್ ಸೇರಿಸಿದ್ದು ಎಲ್ಲರ ಬಾಯಲ್ಲಿದೆ. ಅದು ಹ್ಯಾರಿಸ್ ಶೀಲ್ಡ್ ಸೆಮಿಫೈನಲ್. ಆ ಹೊತ್ತಿಗೆ ಗೈಲ್ಸ್ ಎಂಬ ಕೆಳಗಿನ ಮೆಟ್ಟಿಲು ಹಳೆಯದಾಗಿ, ಅದರ ಸ್ಕೋರುಗಳೂ ಪತ್ರಿಕೆಗಳಲ್ಲಿ ಬರುತ್ತಿದ್ದವು ಎಂಬುದನ್ನು ಯಾರೂ ನೆನೆಯುವುದಿಲ್ಲ. ಹದಿಮೂರರ ಹುಡುಗನ ಅರ್ಧ ಶತಕಕ್ಕೂ ಒಂದು ಸಾಲು ಸುದ್ದಿಯ ಬೆಲೆಯಿದೆ ಎಂದು ಕ್ರಿಕೆಟ್ ಮುಂಬಯಿ ಒಪ್ಪಿಕೊಂಡಿತ್ತು. ಹಾಕಿಗೆ ಆ ಮರ್ಯಾದೆ ಸಿಗಲಿಲ್ಲ. ಗೋಲು ಹೊಡೆದವನ ಹೆಸರು ಸಿಕ್ಕರೂ ತಡೆದವನ ಹೆಸರು ಸಿಗುವುದಿಲ್ಲ, ಚಿಕ್ಕವರ ಪಂದ್ಯ ನಡೆಯಿತೆಂಬ ಸುದ್ದಿಯೂ ಸಿಗುವುದಿಲ್ಲ.

ಇಲ್ಲಿಗೆ ದೊಡ್ಡ ಆಕ್ಷೇಪಣೆ ಎದುರಾಗುತ್ತದೆ. ಶಾಲೆಗಳನ್ನು ನಂಬಿ ಕೂತರೆ ಹಾಕಿ ಎಲ್ಲಿ ಉಳಿದೀತು, ಈಗ ಆಟಗಾರರು ತಯಾರಾಗುವುದು ಹಾಸ್ಟೆಲುಗಳಲ್ಲಿ, ಅಕಾಡೆಮಿಗಳಲ್ಲಿ ಎಂಬ ಮಾತು. ಮುಂಬಯಿಯ ಅತಿ ದೊಡ್ಡ ಹೆಸರೇ ಮುಂಬಯಿ ಶಾಲೆಯದಲ್ಲ ಎಂದೂ ಸೇರಿಸಬಹುದು: ಧನರಾಜ್ ಪಿಳ್ಳೈ ಪುಣೆಯ ಖಡ್ಕಿಯಿಂದ ಬಂದವರು, ಮಹೀಂದ್ರ ತಂಡದಲ್ಲಿ ಬೆಳೆದವರು. ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದವರು, ಭಾರತ್ ಪೆಟ್ರೋಲಿಯಂ ನೌಕರಿಗೆಂದು ಮುಂಬಯಿ ಸೇರಿದವರು. ಈ ಮಾತಿನಲ್ಲಿ ತೂಕವಿದೆ. ನಗರದ ಕಂಪನಿಗಳು ದೇಶದೆಲ್ಲೆಡೆಯಿಂದ ತಯಾರಾದ ಆಟಗಾರರನ್ನು ಕರೆತಂದು ನೌಕರಿ ಕೊಟ್ಟವು; ಅದರಿಂದ ಮುಂಬಯಿಯ ಹಾಕಿ ಇದ್ದುದಕ್ಕಿಂತ ಶ್ರೀಮಂತವಾಗಿ ಕಂಡಿತು. ಆದರೆ ಅಂಥ ಕಂಪನಿ ತಂಡಗಳಲ್ಲಿ ಹಲವು ಇಂದು ಇಲ್ಲ. ಅವು ಕರಗಿದ ಮೇಲೆ ಮುಂಬಯಿಗೆ ಉಳಿದದ್ದು ತನ್ನ ಶಾಲೆಗಳು ಮತ್ತು ಕ್ಲಬ್ಬುಗಳು ಮಾತ್ರ. ಬಾಂದ್ರಾದಲ್ಲಿ 1863ರಲ್ಲಿ ಶುರುವಾದ ಸೇಂಟ್ ಸ್ಟ್ಯಾನಿಸ್ಲಾಸ್ ಶಾಲೆಯಲ್ಲಿ ಕಲಿತ ವೀರೇನ್ ರಸ್ಕಿನ್ಹಾ 2004ರಲ್ಲಿ ಅಥೆನ್ಸ್‌ಗೆ ಹೋದರು. ಮರೀನ್ ಲೈನ್ಸ್‌ನ ಜೋಪಡಿಯಲ್ಲಿ ಬೆಳೆದ ಯುವರಾಜ್ ವಾಲ್ಮೀಕಿ 2011ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದ ತಂಡದಲ್ಲಿದ್ದರು. ತಮ್ಮ ದೇವಿಂದರ್ 2016ರಲ್ಲಿ ರಿಯೊ ಒಲಿಂಪಿಕ್ಸ್ ಆಡಿದರು. ಚರ್ಚ್‌ಗೇಟ್‌ನ ಹಾಕಿ ಮೈದಾನ ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಇನ್ನು ಹಾಸ್ಟೆಲಿನ ಮಾತು. ರೂರ್ಕೆಲಾದ ಪಾನ್‌ಪೋಶ್ ಕ್ರೀಡಾ ಹಾಸ್ಟೆಲು ಹುಡುಗರನ್ನು ಆರಿಸುವುದು ಸುಂದರಗಢದ ಹಳ್ಳಿಗಳಿಂದ. ಅಲ್ಲಿ ಹಬ್ಬಹರಿದಿನಕ್ಕೆ ಕುರಿ-ಕೋಳಿ ಪಣವಿಟ್ಟು ಹಾಕಿ ಆಡುತ್ತಾರೆ. ಭಾರತದ ಪರ ಆಡಿದ ದಿಲೀಪ್ ಟಿರ್ಕಿ ಬಂದದ್ದು ಆ ನೆಲದಿಂದ. ಹಾಸ್ಟೆಲಿಗೆ ಬರುವ ಹುಡುಗ ಆಗಲೇ ನೂರೆಂಟು ಆಟ ಆಡಿ ಬಂದಿರುತ್ತಾನೆ. ಮುಂಬಯಿಯಲ್ಲಿ ಆ ಹಳ್ಳಿಯ ಬಯಲಿನ ಕೆಲಸ ಮಾಡಬೇಕಾದದ್ದು ಶಾಲೆಯ ಕೆಳಗಿನ ತಂಡಗಳೇ. ಬೇರೆ ಯಾರೂ ಇಲ್ಲ.

ಜಾಗ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ, ಮತ್ತು ಮುಂಬಯಿಯಲ್ಲಿ ಇದು ಎಲ್ಲದರ ಬಗೆಗೂ ಕೇಳುವ ಪ್ರಶ್ನೆ. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಉಪನಗರದ ಎಷ್ಟೋ ಶಾಲೆಗಳ ಅಂಗಳ ಅದರ ಅರ್ಧವೂ ಇಲ್ಲ, ಇದ್ದಷ್ಟಕ್ಕೂ ಕಲ್ಲು ಹಾಸಿದೆ. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಕೃತಕ ಟರ್ಫಿಗೆ ಹೋದಾಗ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಹುಲ್ಲಿನ ಮೇಲೆ ನಡೆದ ಕೊನೆಯ ವಿಶ್ವಕಪ್ 1982ರ ಜನವರಿಯಲ್ಲಿ ಮುಗಿದದ್ದು ಇದೇ ಚರ್ಚ್‌ಗೇಟ್‌ನಲ್ಲಿ. ಆಗಲೂ ತವರಿನಲ್ಲಿ ನಾವು ಐದನೆಯವರು. ಟರ್ಫಿಲ್ಲದೆ ಆಡಿದರೆ ಹುಡುಗರ ಕೈ ಕೆಡುತ್ತದೆ, ಹಾಗಾಗಿ ಇರುವ ಬೆರಳೆಣಿಕೆಯ ಟರ್ಫು ದೊಡ್ಡ ಹುಡುಗರಿಗೇ ಇರಲಿ ಎಂದು ತರಬೇತುದಾರರು ಹೇಳುವುದುಂಟು. ಹದಿನಾರು ದಾಟಿದವನ ವಿಷಯದಲ್ಲಿ ಅದು ನಿಜ. ಹತ್ತು ವರ್ಷದವನಿಗೆ ಬೇಕಾದದ್ದು ಚೆಂಡು ಪದೇ ಪದೇ ಕೋಲಿಗೆ ಸಿಗುವುದು. ಹನ್ನೊಂದು ಜನರ ಆಟದಲ್ಲಿ ಪುಟ್ಟ ವಿಂಗರ್ ನಿಮಿಷಗಟ್ಟಲೆ ಸುಮ್ಮನೆ ನಿಂತಿರುತ್ತಾನೆ, ಐವರ ಆಟದಲ್ಲಿ ನಿಲ್ಲಲು ಪುರುಸೊತ್ತೇ ಇರುವುದಿಲ್ಲ. 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ಹಾಕಿ ನಡೆದದ್ದೇ ಐವರ ಮಾದರಿಯಲ್ಲಿ. ಭಾರತದ ಹುಡುಗರು ಬೆಳ್ಳಿ ತಂದರು. ನಾಯಕನಾಗಿದ್ದ ವಿವೇಕ್ ಸಾಗರ್ ಪ್ರಸಾದ್ ಮುಂದೆ ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲೂ ಆಡಿದ. ಒಂದು ಟರ್ಫನ್ನು ಅಡ್ಡಕ್ಕೆ ನಾಲ್ಕು ಭಾಗ ಮಾಡಿದರೆ ನಾಲ್ವತ್ತು ಮಕ್ಕಳು ಒಮ್ಮೆಗೇ ಆಡಬಹುದು. ಹಾಗಾಗಿ ಜಾಗದ ಕೊರತೆ ಚಿಕ್ಕವರನ್ನು ಹೊರಗಿಡಲು ಕಾರಣವಾಗಲಾರದು. ನಿಜವಾದ ಅಡ್ಡಿ ಲೋಕಲ್ ರೈಲು. ಬೊರಿವಲಿಯಿಂದ ಚರ್ಚ್‌ಗೇಟ್‌ಗೆ 34 ಕಿಲೋಮೀಟರ್. ಬೆಳಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ವರ್ಷದ ಹದಿನಾರು ಮಕ್ಕಳನ್ನು ಸ್ಟಿಕ್ಕು, ಕೀಪರನ ಗಂಟು ಸಮೇತ ಕರೆದೊಯ್ಯಲು ಯಾವ ಮೇಷ್ಟ್ರಿಗೂ ಧೈರ್ಯ ಬಾರದು. ಬಸ್ಸು ಬಾಡಿಗೆಗೆ ಶಾಲೆಯ ಬಳಿ ಹಣವಿಲ್ಲ. ಹೀಗಾಗಿ ಚಿಕ್ಕವರ ತಂಡದ ಹೆಸರು ಕೊಡುವುದಿಲ್ಲ, ಕೊಟ್ಟರೂ ವಾಕೋವರ್. ಚಿಕ್ಕವರ ಆರಂಭದ ಸುತ್ತುಗಳನ್ನು ಬಾಂದ್ರಾ, ಮಲಾಡ್, ಕಾಂದಿವಲಿಯಂಥ ಕಡೆ ಶಾಲೆಗಳ ಅಂಗಳದಲ್ಲೇ ಐವರ ಆಟವಾಗಿ ನಡೆಸಿ, ಗೆದ್ದ ಕೆಲವರನ್ನು ಮಾತ್ರ ಟರ್ಫಿಗೆ ಕರೆತಂದರೆ ಸಾಕು.

ಕಪ್ಪಿನ ಆಸೆ ಹಿರಿಯ ತಂಡವನ್ನೂ ಕೆಡಿಸುತ್ತದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ವಾದ ಅರ್ಧವಾಗುತ್ತದೆ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದವರಿಗೆ ಮಹಾರಾಷ್ಟ್ರದ ಹತ್ತನೆಯ ತರಗತಿ ಪರೀಕ್ಷೆಯಲ್ಲಿ ಕೃಪಾಂಕ ಸಿಗುತ್ತದೆ. ಒಳ್ಳೆಯ ಉದ್ದೇಶದ ನಿಯಮವೇ. ಆದರೆ ಲಾಭವೆಲ್ಲ ಮೇಲಿನ ಒಂದು ತಂಡದಲ್ಲೇ ಕೂಡಿಕೊಂಡಾಗ, ತಯಾರಾದ ಆಟಗಾರನನ್ನು ಎಂಟನೆಯ ತರಗತಿಗೆ ಶುಲ್ಕ ಮಾಫಿ ಮಾಡಿ ಸೇರಿಸಿಕೊಳ್ಳುವುದು, ಜನನ ಪತ್ರದ ವಯಸ್ಸನ್ನು ಎಳೆಯುವುದು ಇವೆಲ್ಲ ಬರುತ್ತವೆ. ಅಂಥ ಶಾಲೆ ಕಪ್ ಗೆಲ್ಲುತ್ತದೆ, ಎರಡು ವರ್ಷದ ಮೇಲೆ ಅದರ ಹೆಸರೇ ಕೇಳಿಸುವುದಿಲ್ಲ. ಇತ್ತ ಶಾಲೆಯದ್ದೇ ಆದ ಹುಡುಗ ಹತ್ತನೆಗೆ ಬಂದೊಡನೆ ಟ್ಯೂಷನ್ನಿಗೆ ಹೋಗುತ್ತಾನೆ. ತಾಯಿತಂದೆಯನ್ನು ಬಯ್ಯುವಂತಿಲ್ಲ, ರಸ್ಕಿನ್ಹಾರೇ ಓದಿಗಾಗಿ ಇನ್ನೂ ಆಡಬಹುದಾದ ವಯಸ್ಸಿನಲ್ಲಿ 2008ರಲ್ಲಿ ಆಟ ಬಿಟ್ಟರು. ಹತ್ತನೆಯಲ್ಲಿ ಹುಡುಗರು ಕೈತಪ್ಪುತ್ತಾರೆಂದು ಗೊತ್ತಿದ್ದ ಮೇಲೆ ಬಂಡವಾಳ ಹೂಡಬೇಕಾದದ್ದು ಆರು, ಏಳು, ಎಂಟನೆಯ ತರಗತಿಗಳಲ್ಲಿ. ಹತ್ತು, ಹನ್ನೆರಡು, ಹದಿನಾಲ್ಕು, ಹದಿನಾರು ಎಂದು ನಾಲ್ಕು ತಂಡ ಕಟ್ಟಿದ ಶಾಲೆಯಲ್ಲಿ ಹಾಕಿ ಆಡುವವರು 64. ಒಂದೇ ತಂಡ ಇಟ್ಟ ಶಾಲೆಯಲ್ಲಿ 16. ಹತ್ತು ಮಂದಿ ಪರೀಕ್ಷೆಗೆ ಹೋದರೂ ಮೊದಲನೆಯ ಶಾಲೆಗೆ ತಂಡ ಉಳಿಯುತ್ತದೆ. ಹಿಂದೆ ನಮ್ಮ ಕನ್ನಡದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಕೋಟೆ ಪ್ರದೇಶದ ರಾತ್ರಿ ಶಾಲೆಗಳಲ್ಲಿ ಓದುತ್ತಿದ್ದ ಕಾಲದಲ್ಲಿ ಸಂಜೆಯ ಆಟ ಎನ್ನುವುದೇ ಅವರ ದಿನಚರಿಯಲ್ಲಿ ಇರಲಿಲ್ಲ. ಇಂದು ಅವರ ಮೊಮ್ಮಕ್ಕಳಿಗೆ ಸಂಜೆ ಇದೆ, ತಂಡವಿಲ್ಲ.

ಲೀಗ್ ಆಡಿಸಿದರೆ ಸ್ಪರ್ಧೆಯ ಕಾವು ಆರುತ್ತದೆ, ಎಲ್ಲರಿಗೂ ಆಟ ಕೊಟ್ಟರೆ ಆಟವೇ ಸಡಿಲವಾಗುತ್ತದೆ ಎನ್ನುವವರು ಕೊಡಗಿನ ಕೌಟುಂಬಿಕ ಹಾಕಿ ಉತ್ಸವವನ್ನು ನೋಡಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದಾಗ 60 ಕುಟುಂಬಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅದೂ ನಾಕೌಟ್ ಪಂದ್ಯಾವಳಿಯೇ ಎಂದು ನನ್ನ ವಾದಕ್ಕೆ ಎದುರಾಗಿ ಹೇಳಬಹುದು, ಒಪ್ಪುತ್ತೇನೆ. ಉತ್ಸವಕ್ಕೆ ಅದು ಸಾಕು, ಕಲಿಕೆಗೆ ಸಾಲದು. ಆದರೆ ಅಲ್ಲಿ ಜನ ಮೊದಲು ಕೇಳುವ ಪ್ರಶ್ನೆ ಈ ಸಲ ಎಷ್ಟು ಒಕ್ಕ, ಅಂದರೆ ಕುಟುಂಬ, ಆಡುತ್ತಿದೆ ಎಂಬುದು. ಕಪ್ ಯಾರಿಗೆ ಹೋಯಿತು ಎಂಬುದು ಆಮೇಲೆ. ಗಿನ್ನೆಸ್ ದಾಖಲೆಯೂ ಸಿಕ್ಕಿದ್ದು ತಂಡಗಳ ಎಣಿಕೆಗೇ. ಫೈನಲ್‌ನ ಬಿಸಿ ಅದರಿಂದ ಕಡಿಮೆಯಾಗಿದೆ ಎಂದು ಕೊಡಗಿನಲ್ಲಿ ಯಾರೂ ಹೇಳಲಾರರು.

ಮುಂಬಯಿಯ ಎರಡು ಜಿಲ್ಲೆಗಳ, ಅಂದರೆ ನಗರ ಮತ್ತು ಉಪನಗರದ ಕ್ರೀಡಾಧಿಕಾರಿಗಳು ಬರುವ ಜೂನ್‌ನಲ್ಲಿ ಹದಿನಾಲ್ಕರೊಳಗಿನ ಹುಡುಗರ ಒಂದೇ ವಿಭಾಗವನ್ನಾದರೂ ಲೀಗ್ ಮಾಡಿ ನೋಡಲಿ. ಹಣ ಹೆಚ್ಚು ಬೇಡ, ವೇಳಾಪಟ್ಟಿ ಬದಲಾದರೆ ಆಯಿತು. ಮಕ್ಕಳನ್ನು ಹಾಕಿ ಇರುವ ಶಾಲೆಗೆ ಕಳಿಸುವ ಓದುಗರು ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರ ಬಳಿ ಕಪ್ಪಿನ ಸುದ್ದಿ ಎತ್ತದೆ ಎರಡು ಅಂಕಿ ಕೇಳಲಿ: ಈ ವರ್ಷ ಶಾಲೆಯ ಪರ ಎಷ್ಟು ಹುಡುಗರು ಮೈದಾನಕ್ಕಿಳಿದರು, ಎಲ್ಲರಿಗಿಂತ ಚಿಕ್ಕವರ ತಂಡ ಎಷ್ಟು ಪಂದ್ಯ ಆಡಿತು. ಉತ್ತರ ಸಿಗದಿದ್ದರೆ ಮರುವರ್ಷವೂ ಕೇಳಲಿ.