ಚಮಚದ ಬೆನ್ನ ಮೇಲೆ ಕೆಂಪು
ಜಪಾನಿನ ಟಾಮಿಯಾ ಕಂಪನಿಯ ಟಿಎಸ್ ಸ್ಪ್ರೇ ಡಬ್ಬಿ ಪುಟ್ಟದು. ಒಳಗಿರುವುದು 100 ಮಿಲಿ ಲ್ಯಾಕರ್ ಬಣ್ಣ. ಹೊಸದಾಗಿ ಕೈಗೆ ಬಂದಾಗ ಕಾರಿನ ಮಾದರಿಗೆ ನೇರ ಹೊಡೆಯಬೇಡಿ. ಪ್ಲಾಸ್ಟಿಕ್ ಚಮಚದ ಬೆನ್ನು ಸಾಕು, ಬಾನೆಟ್ಟಿನ ಉಬ್ಬು ಅದಕ್ಕೂ ಇದೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತಿಟ್ಟು (ಕುದಿನೀರು ಬೇಡವೇ ಬೇಡ), ಚೆನ್ನಾಗಿ ಕುಲುಕಿ, ಗೇಣುದೂರದಿಂದ ಹೊಡೆದರೆ ಹನಿ ನುಣ್ಣಗೆ ಒಡೆಯುತ್ತದೆ. ಮೊದಲ ಪದರ ಮಂಜಿನಷ್ಟು ತೆಳು. ಕೆಳಗಿನ ಪ್ಲಾಸ್ಟಿಕ್ ಇಣುಕುತ್ತಲೇ ಇರುತ್ತದೆ. ಅವಸರಪಟ್ಟು ಒಂದೇ ಸಲಕ್ಕೆ ಮುಚ್ಚಹೊರಟಿರೋ, ಬಣ್ಣ ಸೋರಿ ಅಂಚಿಗೆ ಬಂದು ಕೂರುತ್ತದೆ. ಕೊನೆಯ ಒದ್ದೆ ಪದರದಲ್ಲೇ ಟಿಎಸ್-8 ಇಟಾಲಿಯನ್ ಕೆಂಪು ತಾನಾಗಿ ಸಮವಾಗಿ ಹರಡಿ ಹೊಳಪೇರುವುದು. ಆ ಹೊಳಪಿಗೆ ನನ್ನ ಪೂರ್ಣ ಅಂಕ, ವಾಸನೆಗೆ ಸೊನ್ನೆ. ಮಳೆಗಾಲದ ತೇವಕ್ಕೆ ಬಿಳಿಚಿಕೊಳ್ಳುವುದೂ ಉಂಟು. ಅಕ್ರಿಲಿಕ್ ಬಣ್ಣದ ಮೇಲೆ ಹೊಡೆದರೆ ಅದನ್ನು ಕರಗಿಸೀತು. ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಕಡೆಯಲ್ಲೇ ಬಳಸಿ.