ಬೋಗುಣಿಯ ತಳ, ಚಪ್ಪಲಿಯ ಅಟ್ಟೆ

ಇಟಲಿಯ ಹಳೆಯ ಗಾಜಿನ ಬೋಗುಣಿ ಕೈಗೆ ಸಿಕ್ಕರೆ ಬಲ್ಲ ಸಂಗ್ರಾಹಕರು ಮೊದಲು ಅದನ್ನು ಮಗುಚಿ ತಳ ನೋಡುತ್ತಾರೆ. ಕುಲುಮೆಯ ಸರಳಿನಿಂದ ಬಿಡಿಸಿದಾಗ ಉಳಿದ ಕಲೆಯನ್ನು ಉಜ್ಜಿ ನುಣುಪಾಗಿಸಿದ್ದಾರೆಯೇ, 1921ರಲ್ಲಿ ಆರಂಭವಾದ ವೆನಿನಿ ಕಾರ್ಖಾನೆಯ ಆಮ್ಲಮುದ್ರೆ ಇದೆಯೇ, ಅಂಟಿಸಿದ ಚೀಟಿ ಉಳಿದಿದೆಯೇ ಎಂದು ಹುಡುಕುತ್ತಾರೆ. 1291ರಿಂದ ವೆನಿಸ್ಸಿನ ಗಾಜಿನ ಕುಲುಮೆಗಳೆಲ್ಲ ಮುರಾನೊ ದ್ವೀಪದಲ್ಲೇ ನೆಲೆಸಿದವು. ನಕಲು ಹೆಚ್ಚಿದಾಗ, 1994ರಲ್ಲಿ, ಅಲ್ಲಿನ ಪ್ರಾಂತೀಯ ಸರ್ಕಾರ ಆ ಗಾಜಿಗೆ ಕಾನೂನಿನ ಗುರುತುಮುದ್ರೆ ಕೊಟ್ಟಿತು.

ಈ ಹವ್ಯಾಸದ ಬಗ್ಗೆ ನನಗೆ ಗೌರವವಿದೆ. ಒಂದು ಬಣ್ಣದ ಗಾಜನ್ನು ಇನ್ನೊಂದರೊಳಗೆ ಮುಳುಗಿಸುವ 'ಸೊಮ್ಮೆರ್ಸೊ' ಕೆಲಸವನ್ನು ಗುರುತಿಸಲು ಕಣ್ಣು ವರ್ಷಗಟ್ಟಲೆ ಪಳಗಬೇಕು. ಆದರೆ ಇದರಲ್ಲೊಂದು ಕೊರತೆಯೂ ಇದೆ. ವಿನ್ಯಾಸ ಬರೆದ ಕಾರ್ಲೊ ಸ್ಕಾರ್ಪಾ, ಫುಲ್ವಿಯೊ ಬಿಯಾಂಕೋನಿ ಅವರ ಹೆಸರು ಬೆಲೆ ಏರಿಸುತ್ತದೆ. ಬೆಂಕಿಯೆದುರು ನಿಂತು ಊದಿದವನ ಹೆಸರು ಹೆಚ್ಚಿನ ಬೋಗುಣಿಗಳ ಮೇಲಿಲ್ಲ.

ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ರಾಯಬಾಗದ ಚಪ್ಪಲಿಗೆ ಅಷ್ಟು ಮನ್ನಣೆಯೂ ದಕ್ಕಿಲ್ಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಎಮ್ಮೆ ಚರ್ಮ, ಮೊಳೆಯಿಲ್ಲದೆ ಚರ್ಮದ ಎಳೆಯಿಂದಲೇ ಹೊಲಿದ ಅಟ್ಟೆ, ಹೆಂಗಸರು ಹೆಣೆದ ಜಡೆಪಟ್ಟಿ: ಇದು ಮುರಾನೊದ ಕೆಲಸಕ್ಕೆ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ. ಜೂನ್ 2025ರಲ್ಲಿ ಇಟಲಿಯದೇ ಆದ ಫ್ಯಾಷನ್ ಸಂಸ್ಥೆ ಪ್ರಾಡಾ, ಮಿಲಾನಿನ ವೇದಿಕೆಯಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿದಾಗ ಮೂಲದ ಹೆಸರೆತ್ತಲಿಲ್ಲ. ಆಕ್ಷೇಪ ಎದ್ದ ಮೇಲೆ ಭಾರತದ ಕುಶಲಕಲೆಯೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಆ ಗದ್ದಲದಲ್ಲೂ ಜನರ ಬಾಯಲ್ಲಿ ಓಡಾಡಿದ್ದು ಕೊಲ್ಹಾಪುರ. ಕೊಲ್ಹಾಪುರಿ ಎಂದೇ ಕರೆಯುವ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕದ ಎಂಟು ಜಿಲ್ಲೆಗಳಲ್ಲಿ ನಾಲ್ಕು ಕರ್ನಾಟಕದವು, ಅವುಗಳಲ್ಲಿ ಬೆಳಗಾವಿಯೂ ಒಂದು ಎಂಬುದನ್ನು ನೆನೆದವರು ಕಡಿಮೆ.

ಪ್ರಾಡಾವನ್ನು ದೂರುವುದು ಸುಲಭ. ನಾವೇನು ಕಾಪಿಟ್ಟಿದ್ದೇವೆ? ಅಜ್ಜಿಯ ತಾಮ್ರದ ಹಂಡೆಯನ್ನು ಬೆಳಗಿ ಇಡುತ್ತೇವೆ. ಅಜ್ಜ ಮೆಟ್ಟಿದ ಚಪ್ಪಲಿ ಸವೆದೊಡನೆ ತಿಪ್ಪೆ ಸೇರುತ್ತದೆ. ಚಪ್ಪಲಿ ಸವೆಯುವ ವಸ್ತು ನಿಜ, ಆದರೆ ಕಾರಣ ಅದೊಂದೇ ಅಲ್ಲ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟ ಹಾಗೆ ಅದನ್ನು ಮಾಡಿದ ಸಮಗಾರರನ್ನೂ ಹೊಸ್ತಿಲಾಚೆಯೇ ನಿಲ್ಲಿಸಿದೆವು. ಅವರ ಕೈಕೆಲಸಕ್ಕೆ ಕಲೆಯೆಂಬ ಮಾನ ಕೊಡಲು ಜಾತಿ ಬಿಡಲಿಲ್ಲ. ಗಾಜಿನ ಬೋಗುಣಿ ಕಪಾಟು ಸೇರಿದ್ದು ಅದರ ಹೊಳಪಿನಿಂದ ಮಾತ್ರವಲ್ಲ, ಮಾಡಿದವರ ಊರಿಗೆ ಸಿಕ್ಕ ಮರ್ಯಾದೆಯಿಂದ.

ಚಿಕ್ಕೋಡಿ, ಕಾಗವಾಡದ ಯಾವುದಾದರೂ ಮನೆಯ ಅಟ್ಟದ ಮೇಲೆ ಕೈಹೊಲಿಗೆಯ ಹಳೆಯ ಜೋಡಿ ಉಳಿದಿದ್ದರೆ ಎಸೆಯಬೇಡಿ. ಹೊಸ ಜೋಡಿ ಕೊಳ್ಳುವಾಗ ಹೊಲಿದವರ, ಹೆಣೆದವರ ಹೆಸರು ಕೇಳಿ, ಊರು ಮತ್ತು ವರ್ಷದ ಜೊತೆ ಬರೆದಿಡಿ.